ಕದ್ದ ಭುಜ

ಅಕ್ಕಿಹೆಬ್ಬಾಳು
೧೦ ಜೂನ್ ೨೦೨೪

ಪ್ರಿಯ ಪೀರ್,

ಅರವತ್ತೊಂದು ವರ್ಷ ತುಂಬಿದ, ಬುದ್ಧಿ ಸ್ತಿಮಿತದಲ್ಲಿದ್ದು ಮಂಡಿ ಮಾತ್ರ ಸ್ತಿಮಿತದಲ್ಲಿಲ್ಲದ ಪುಟ್ಟಸ್ವಾಮಿ ಎಂಬ ನಾನು ಯಾರ ಒತ್ತಾಯವೂ ಇಲ್ಲದೆ ಬರೆದುಕೊಡುತ್ತಿರುವ ತಪ್ಪೊಪ್ಪಿಗೆ ಏನೆಂದರೆ: ನಾನೊಬ್ಬ ಕಳ್ಳ. ಕದ್ದ ಮಾಲು, ಒಂದು ಬಲಭುಜ.

ಗಾಬರಿಯಾಗಬೇಡ. ಭುಜದ ಮಾಲೀಕ ಪ್ಲಾಸ್ಟಿಕ್ಕಿನವನು. ಹೋದ ವರ್ಷ ಮೇ ತಿಂಗಳ ಕೊನೆಯ ದಿನ ಕಾಲೇಜಿನಲ್ಲಿ ನನ್ನನ್ನು ಬೀಳ್ಕೊಟ್ಟರು. ಒಂದು ಹಾರ, ಒಂದು ಶಾಲು, ಒಂದು ಬೆಲ್ಟು ಕೊಟ್ಟರು. ಪಂಚೆಯ ಮೇಲೂ ಬೆಲ್ಟು ಬಿಗಿಯುವ ಜೀವಶಾಸ್ತ್ರದ ಮೇಷ್ಟ್ರು ಎಂದು ನಾಗಮಂಗಲದಿಂದ ಪಾಂಡವಪುರದವರೆಗೆ ಹೆಸರಾದವನು ನಾನು. ಭಾಷಣಗಳು ನಡೆಯುತ್ತಿದ್ದಾಗ ಕನ್ನಡಕ ಮರೆತೆ ಎಂದು ಪ್ರಯೋಗಾಲಯಕ್ಕೆ ಹೋದೆ. ಹನ್ನೊಂದು ವರ್ಷ ನನ್ನ ಪಕ್ಕದಲ್ಲೇ ನಿಂತು ಒಮ್ಮೆಯೂ ನನ್ನ ಪಾಠಕ್ಕೆ ಆಕಳಿಸದ ಅಸ್ಥಿಪಂಜರ ಅಲ್ಲಿತ್ತು. ಅದರ ಬಲಗಡೆಯ ಹೆಗಲೆಲುಬು, ತೋಳೆಲುಬು ಎರಡನ್ನೂ ಚಮಚದ ತುದಿಯಲ್ಲಿ ತಿರುಪು ಬಿಚ್ಚಿ, ಸನ್ಮಾನದ ಶಾಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಬಸ್ಸಿನಲ್ಲಿ ಚೀಲದಿಂದ ಇಣುಕಿದ ತುದಿಯನ್ನು ನೋಡಿ ಕಂಡಕ್ಟರು ಕೇಳಿದ, "ಏನ್ ಸಾರ್, ಕುರೀದಾ?" "ಇಲ್ಲಪ್ಪ, ಮನುಷ್ಯಂದು" ಎಂದೆ. ಕೆ.ಆರ್.ಪೇಟೆ ಬರುವವರೆಗೂ ಅವನು ನನ್ನ ಹತ್ತಿರ ಸುಳಿಯಲಿಲ್ಲ. ನಾಳೆ ಪೊಲೀಸರು ಬಂದರೆ ಅಸ್ಥಿಯೇ ಮೇಷ್ಟರ ಆಸ್ತಿ ಎಂದು ವಾದಿಸುವವನಿದ್ದೇನೆ.

ಯಾಕೆ ಕದ್ದೆ ಎಂದು ಆಗ ನನಗೂ ಗೊತ್ತಿರಲಿಲ್ಲ. ಒಂದು ವರ್ಷ ಅದು ಅಟ್ಟದ ಮೇಲೆ ಈರುಳ್ಳಿಯ ಪಕ್ಕ ಕೂತಿತ್ತು. ಹೋದ ತಿಂಗಳು ಮೈಸೂರಿನ ಬಸ್ಸಿನಲ್ಲಿ ನಿನ್ನ ಮೊಮ್ಮಗಳು ಮಹೇಕ್ ಸಿಕ್ಕಿದಳು. ಫಿಸಿಯೋಥೆರಪಿ ಮೂರನೇ ವರ್ಷವಂತೆ. "ಸಾರ್, ದಾದಾನ ಬಲಗೈ ಮೇಲಕ್ಕೇ ಏಳ್ತಿಲ್ಲ" ಎಂದಳು. ಭುಜದ ಕೀಲನ್ನು ಸುತ್ತ ತಬ್ಬಿ ಹಿಡಿದಿರುವ ನಾಲ್ಕು ಸ್ನಾಯುಗಳಲ್ಲಿ ಎರಡು ಹರಿದಿವೆಯಂತೆ. ಸೆಪ್ಟೆಂಬರಿನ ಒಳಗೆ ಹೊಲಿದರೆ ಕೈ ಉಳಿಯುತ್ತದೆ, ತಡಮಾಡಿದರೆ ಸ್ನಾಯು ಸೊರಗಿ ಕೊಬ್ಬಾಗಿ ಹೊಲಿಯುವುದಕ್ಕೆ ಬಟ್ಟೆಯೇ ಇರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರಂತೆ. ನೀನು ಒಪ್ಪುತ್ತಿಲ್ಲವಂತೆ.

ಆ ಕದ್ದ ಭುಜವನ್ನೇ ನಿನಗೆ ಪಾರ್ಸೆಲ್ ಮಾಡಿದ್ದೇನೆ. ಕೈಯಲ್ಲಿ ಹಿಡಿದು ನೋಡು. ಸೊಂಟದ ಕೀಲು ಆಳವಾದ ಬಟ್ಟಲು, ತೊಡೆಯೆಲುಬಿನ ಗುಂಡು ಅದರಲ್ಲಿ ಮುಳುಗಿ ಕೂತಿರುತ್ತದೆ. ಭುಜದ್ದು ಹಾಗಲ್ಲ, ಕಾಫಿ ಲೋಟದ ಕೆಳಗಿಡುವ ತಟ್ಟೆಯಷ್ಟೇ. ಅದರ ಮೇಲೆ ನಿಂಬೆಹಣ್ಣು ಇಟ್ಟ ಹಾಗೆ ತೋಳಿನ ಗುಂಡು. ಅದಕ್ಕೇ ಕೈ ಎಲ್ಲ ದಿಕ್ಕಿಗೂ ತಿರುಗುತ್ತದೆ, ಅದಕ್ಕೇ ಬೇಗ ಜಾರುತ್ತದೆ. ಮೂಳೆ ಅದನ್ನು ಹಿಡಿದಿಲ್ಲ ಪೀರ್, ಆ ನಾಲ್ಕು ಸ್ನಾಯುಗಳು ಹಿಡಿದಿವೆ.

ಈ ಪಾಠವನ್ನು ಮೂವತ್ತನಾಲ್ಕು ವರ್ಷ ಒಂದೇ ಉದಾಹರಣೆ ಕೊಟ್ಟು ಹೇಳಿದ್ದೇನೆ. ೧೯೮೪ರ ಬೇಸಗೆ, ಶೀಳನೆರೆಯ ನಾಡಕುಸ್ತಿ, ಗಂಜಾಂ ಗರಡಿಯ ಪೀರ್ ಅಹಮದ್ ಎಂಬ ಪೈಲ್ವಾನನನ್ನು ನಾನು ಒಂದೂವರೆ ನಿಮಿಷದಲ್ಲಿ ಚಿತ್ ಮಾಡಿದ್ದು. ಬೋರ್ಡಿನ ಮೇಲೆ ಬಾಣ ಬರೆದು, ತೋಳು ಹೇಗೆ ಸನ್ನೆಗೋಲಾಯಿತು, ಬೆನ್ನು ಹೇಗೆ ನೆಲಕ್ಕೆ ತಾಗಿತು ಎಂದು ತೋರಿಸುತ್ತಿದ್ದೆ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಐದು ವರ್ಷದ ಕೆಳಗೆ ಒಂದು ದಿನ ಚಪ್ಪಾಳೆ ಮುಗಿದ ಮೇಲೆ ಮೂರನೇ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. "ಸಾರ್, ಅವರು ನಮ್ಮ ದಾದಾ" ಎಂದಳು. ಆ ದಿನ ಗಂಟೆ ಹೊಡೆಯುವ ಮೊದಲೇ ಪಾಠ ಮುಗಿಸಿದೆ.

ಆಸ್ಪತ್ರೆಗೆ ಹೋಗು. ನಾನೂ ದಣಿದಿದ್ದೇನೆ, ನೀನೂ ದಣಿದಿರುತ್ತೀಯ. ಹಟ ಹಿಡಿಯುವುದಕ್ಕೂ ಸ್ನಾಯು ಬೇಕಾಗುತ್ತದೆ.

ಇಂತಿ ನಿನ್ನ ಹಳೆಯ,
ಪುಟ್ಟಸ್ವಾಮಿ


ಗಂಜಾಂ, ಶ್ರೀರಂಗಪಟ್ಟಣ
೨ ಜುಲೈ ೨೦೨೪

ಲೇ ಪುಟ್ಟಾ,

ಸಲಾಂ. ನಾನು ಏಳ್ತಾ ಇವ್ನಿ, ಮಹೇಕ್ ಬರೀತಾವ್ಳೆ. ನನ್ ಕನ್ನಡಕ ಒಡ್ದೋಗೈತೆ.

(ಒಡೆದಿಲ್ಲ ಸಾರ್, ಮೂಗಿನ ಮೇಲೇ ಇದೆ. ಪೆನ್ನು ಹಿಡಿದು ಕೂತರೆ ಭುಜ ಸೇದುತ್ತದೆ. ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕೆಂದು ಆಣೆ ಹಾಕಿಸಿಕೊಂಡಿದ್ದಾರೆ. ಕಂಸದೊಳಗೆ ಬರೆಯಬಾರದು ಎಂದು ಹೇಳಿಲ್ಲ. - ಮಹೇಕ್)

ನಿನ್ ಪಾರ್ಸೆಲ್ಲು ಬಂತು ಕಣ್ಲಾ. ನಿಮ್ ಭಾಬಿ ಅಕ್ಬರಿ ಬೇಗಂ ಮೈಸೂರ್ ಪಾಕು ಅನ್ಕಂಡು ಬಿಚ್ಚುದ್ಲು. "ಯಾ ಅಲ್ಲಾ, ಯಾರ್ದೋ ಮಯ್ಯತ್ತಿನ ಮೂಳೆ ಕಳ್ಸವ್ನೆ" ಅಂತ ಎಸ್ದ್ಲು ನೋಡು, ಓಗಿ ಕೋಳಿ ಗೂಡಿನ ಮ್ಯಾಲೆ ಬಿತ್ತು. ಎರಡು ದಿನದಿಂದ ಕೋಳಿ ಮೊಟ್ಟೆ ಇಕ್ಕಿಲ್ಲ. ಅದ್ಕೆ ನೀನೇ ಜವಾಬ್ದಾರಿ.

ಮೂಳೆ ಪಾಠ ನಂಗೇಳ್ಬೇಡ. ಬೆಳಿಗ್ಗೆ ಗರಡಿ, ಆಮ್ಯಾಕೆ ಸೈಕಲ್ ಶಾಪು. ನಲವತ್ತು ವರ್ಸದಿಂದ ಎರಡ್ರಲ್ಲೂ ಒಂದೇ ಕೆಲ್ಸ ಮಾಡಿವ್ನಿ. ಕೀಲು ಅಂದ್ರೆ ಬೇರಿಂಗು ಕಣ್ಲಾ. ಒಳಗೆ ಗ್ರೀಸು ಐತೆ. ಓಡಾಡ್ತಾ ಇದ್ರೆ ಗ್ರೀಸು ಊರ್ತದೆ, ಮೂಲೇಲಿ ನಿಲ್ಸುದ್ರೆ ಒಣಗ್ತದೆ. ನರ ಅಂತ ಜನ ಅಂತಾರಲ್ಲ, ಅದು ಮೂಳೆನ ಮೂಳೆಗೆ ಕಟ್ಟಿರೋ ಪಟ್ಟಿ. ಚಕ್ರದ ಕಡ್ಡಿ ಇದ್ದಂಗೆ. ಒಂದು ಸಡಿಲ ಆದ್ರೆ ಚಕ್ರ ಓಲಾಡ್ತದೆ. ನೀನು ಇದ್ಕೆಲ್ಲ ಇಂಗ್ಲಿಷಲ್ಲಿ ಎಸ್ರಿಟ್ಟು ಪೆನ್ಸನ್ನು ತಗಂಡೆ. ನಾನು ಎಣ್ಣೆ ಆಕಿ ಪುಗಸಟ್ಟೆ ತಿಕ್ದೆ.

ಪಟ್ಣದಲ್ಲಿ ಅರ್ಧ ಜನದ ಉಳುಕು ತೆಗ್ದಿವ್ನಿ. ನನ್ ಭುಜಾನ ನಾನೇ ತಿಕ್ಕೊಳಕ್ಕೆ ಆಗಲ್ಲ, ಅಷ್ಟೇಯ.

ಒಂದೂವರೆ ನಿಮಿಷ ಅಂತ ಬರ್ದಿದ್ದೀಯ. ಸರಿ ಬುಡು. ಗೆದ್ದೋನು ನೀನು, ಗಡಿಯಾರ ನೋಡ್ದೋನೂ ನೀನೇ.

ಕರಿಯಪ್ಪ ಉಸ್ತಾದ್ರು ನಮ್ ಗರಡೀಲಿ ಒಂದು ಕಟ್ಲೆ ಮಡಗಿದ್ರು, ಗ್ಯಾಪ್ಕ ಐತಾ? ಕುಸ್ತಿ ಆದ ಮಾರ್ನೇ ದಿನ ಬೆಳಿಗ್ಗೆ ಗೆದ್ದೋನು ಒಂದು ಬಟ್ಲು ಎಳ್ಳೆಣ್ಣೆ ತಗಂಡು ಸೋತೋನ ಮನೇಗೆ ಓಗ್ಬೇಕು. ಅವನ ಮೈಗೆ ತನ್ ಕೈಯಾರೆ ತಿಕ್ಬೇಕು. ಆಮ್ಯಾಕೆ ಇಬ್ರೂ ಒಂದೇ ತಟ್ಟೇಲಿ ಉಣ್ಬೇಕು. ಆವಾಗ ಕುಸ್ತಿ ಮುಗೀತು ಅಂತ ಅರ್ಥ. ಆವತ್ತು ನಮ್ಮಮ್ಮಿ ಎದ್ದೋಳೇ ನೀರು ಕಾಯ್ಸುದ್ಲು. ಜಗ್ಲಿ ಮ್ಯಾಲೆ ಚಾಪೆ ಆಸುದ್ಲು.

(ದಾದಾ ಇಲ್ಲಿ ಎದ್ದು ಹೋಗಿ ಜಗುಲಿ ನೋಡಿ ಬಂದರು. - ಮಹೇಕ್)

ಸಾಯಂಕಾಲ ಸುತ್ತಿಟ್ಲು.

ಆ ಕುಸ್ತಿ ಇನ್ನೂ ಮುಗ್ದಿಲ್ಲ ಕಣ್ಲಾ. ಮುಗೀದೆ ಇರೋ ಕುಸ್ತೀಲಿ ಆಸ್ಪತ್ರೆಯೋರು ಯಾಕೆ ನಡುವ್ಕೆ ಬತ್ತಾರೆ? ನಾನು ಓಗಲ್ಲ.

ಫೋನ್ ಮಾಡ್ಬೇಡ. ಫೋನಲ್ಲಾದ್ರೆ ನೀನು ನಗ್ಸಿ ನಗ್ಸಿ ತಪ್ಪಿಸ್ಕಂತೀಯ. ಬರ್ದ್ರೆ ಸಿಕ್ಕಾಕಂತೀಯ.

ಇಂತಿ ನಿನ್ ಜೋಡಿ,
ಪೀರ್ ಅಹಮದ್


ಅಕ್ಕಿಹೆಬ್ಬಾಳು
೨೧ ಜುಲೈ ೨೦೨೪

ಪ್ರಿಯ ಪೀರ್,

ಕೋಳಿಯಮ್ಮನವರಿಗೆ ನನ್ನ ಕ್ಷಮಾಪಣೆ ತಿಳಿಸು.

ನಿನ್ನ ಕಾಗದ ಬಂದು ಎರಡು ವಾರದ ಮೇಲಾಯಿತು. ಉತ್ತರ ತಡವಾದದ್ದಕ್ಕೆ ಮಂಡಿ ಕಾರಣ. ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು ಲೋಪಸಂಧಿ ಎಂದು ಬಾರಿಸಿ ಬಾರಿಸಿ ಹೇಳುತ್ತಿದ್ದದ್ದು ಈಗ ನನ್ನ ಎರಡೂ ಮಂಡಿಗಳಿಗೆ ಅರ್ಥವಾಗಿದೆ. ಎಲುಬಿನ ತುದಿಗೆ ನುಣ್ಣಗಿನ ಮೃದ್ವಸ್ಥಿ ಎಂಬ ಹೊದಿಕೆ ಇರುತ್ತದಲ್ಲ, ಅದಕ್ಕೆ ನರವೇ ಇಲ್ಲ. ಸವೆಯುವಾಗ ಒಂದು ಮಾತೂ ಹೇಳುವುದಿಲ್ಲ. ಪೂರ್ತಿ ಸವೆದು ಎಲುಬಿಗೆ ಎಲುಬು ತಾಗಿದ ದಿನ ಸುದ್ದಿ ತಿಳಿಯುತ್ತದೆ, ಅಷ್ಟು ಹೊತ್ತಿಗೆ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಮೆಟ್ಟಿಲು ಇಳಿಯುವಾಗ ನನ್ನ ಮಂಡಿಗಳು ಹಪ್ಪಳ ತಿನ್ನುತ್ತವೆ. ನನ್ನ ಹೆಂಡತಿ ಸೋಮಮ್ಮ ಅಡುಗೆಮನೆಯಿಂದಲೇ ಹೇಳುತ್ತಾಳೆ, "ಬಂದ್ರು, ಸದ್ದು ಕೇಳ್ತು."

ಆ ಎಣ್ಣೆಯ ವಿಷಯ. ನನಗೆ ನೆನಪಿದೆ. ಮಾರನೆಯ ದಿನ ನಾನು ಬೆಳಿಗ್ಗೆಯ ಬಸ್ಸಿಗೇ ಮೈಸೂರಿಗೆ ಹೋಗಬೇಕಾಯಿತು. ಎಂ.ಎಸ್ಸಿ. ಅರ್ಜಿಯ ಕೊನೆಯ ದಿನ. ಆಮೇಲೆ ಹಾಸ್ಟೆಲ್ಲು, ಆಮೇಲೆ ನಾಗಮಂಗಲದಲ್ಲಿ ಕೆಲಸ, ಆಮೇಲೆ ಮದುವೆ. ಗಂಜಾಂನಲ್ಲಿದ್ದ ನಮ್ಮ ಚಿಕ್ಕಮ್ಮನೂ ಮನೆ ಬದಲಾಯಿಸಿದರು, ಆ ಕಡೆ ಬರುವ ನೆಪವೇ ತಪ್ಪಿತು. ಹೀಗೆ ಒಂದಾದ ಮೇಲೊಂದು.

ಅದಿರಲಿ, ನಿನಗೆ ಒಂದು ಸ್ವಾರಸ್ಯ ಹೇಳುತ್ತೇನೆ. ಸ್ನಾಯುವಿಗೆ ಎಳೆಯುವುದು ಮಾತ್ರ ಗೊತ್ತು, ತಳ್ಳುವುದು ಗೊತ್ತಿಲ್ಲ. ನೀನು ಬಾಗಿಲು ತಳ್ಳಿದಾಗಲೂ ಒಳಗೆ ಯಾವುದೋ ಸ್ನಾಯು ಎಲುಬನ್ನು ಎಳೆಯುತ್ತಿರುತ್ತದೆ. ಅದಕ್ಕೇ ಅವು ಜೋಡಿ ಜೋಡಿಯಾಗಿವೆ. ತೋಳಿನ ಮುಂಭಾಗದ್ದು ಎಳೆದರೆ ಕೈ ಮಡಚುತ್ತದೆ, ಹಿಂಭಾಗದ್ದು ಎಳೆದರೆ ಚಾಚುತ್ತದೆ. ಒಂದು ಬಿಗಿದಾಗ ಇನ್ನೊಂದು ಸಡಿಲ ಬಿಡಲೇಬೇಕು. ಬಿಡದೆ ಇಬ್ಬರೂ ಪಟ್ಟು ಹಿಡಿದರೆ ಕೈ ಮರಗಟ್ಟಿ ನಿಲ್ಲುತ್ತದೆ, ಎಲ್ಲಿಗೂ ಹೋಗುವುದಿಲ್ಲ.

ಇನ್ನೊಂದು. ದೊಡ್ಡವರ ಮೈಯಲ್ಲಿ ಇನ್ನೂರಾ ಆರು ಮೂಳೆಗಳು. ಮಗುವಿಗೆ ಹೆಚ್ಚು, ಮುನ್ನೂರರ ಹತ್ತಿರ. ಬೆಳೆಯುತ್ತ ಬೆಳೆಯುತ್ತ ಕೂಡಿಕೊಳ್ಳುತ್ತವೆ. ಈ ಇನ್ನೂರಾ ಆರರಲ್ಲಿ ಒಂದೇ ಒಂದು ಮೂಳೆ ಬೇರೆ ಯಾವ ಮೂಳೆಗೂ ತಾಗಿಕೊಂಡಿಲ್ಲ. ನಾಲಗೆಯ ಬುಡದಲ್ಲಿದೆ, ಕುದುರೆ ಲಾಳದ ಆಕಾರ. ಮಾತಾಡುವುದಕ್ಕೆ ನೆರವಾಗುವ ಮೂಳೆ, ಅದೊಂದೇ ಒಂಟಿ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದು ನೀನು ಕೇಳುತ್ತೀಯ. ಪೆನ್ನು ನಿಲ್ಲುತ್ತಿಲ್ಲ, ಅದಕ್ಕೆ. ದಯವಿಟ್ಟು ಆಸ್ಪತ್ರೆಗೆ ಹೋಗು.

ಇಂತಿ,
ಪುಟ್ಟಸ್ವಾಮಿ


ಗಂಜಾಂ
೧೧ ಆಗಸ್ಟ್ ೨೦೨೪

ಸಾರ್‌ಗೆ ನಮಸ್ಕಾರ,

ಈ ಕಾಗದ ನಾನು ಬರೆಯುತ್ತಿರುವುದು ದಾದಾಗೆ ಗೊತ್ತಿಲ್ಲ.

ನಿಮ್ಮ ಕಾಗದವನ್ನು ಓದಿ ಹೇಳಿದೆ. ಮಂಡಿ ಹಪ್ಪಳ ತಿನ್ನುತ್ತದೆ ಎಂದಾಗ ಜೋರಾಗಿ ನಕ್ಕರು. ಬೆಳಿಗ್ಗೆಯ ಬಸ್ಸಿನ ವಿಷಯ ಬಂದಾಗ ಎದ್ದು ಹೊರಗೆ ಹೋದರು. ಅಂಗಡಿಯಲ್ಲಿ ಒಂದು ಸೈಕಲ್ಲಿಗೆ ಗಾಳಿ ಹೊಡೆಯಬೇಕಿತ್ತು. ಎಡಗೈಯಲ್ಲಿ ಪಂಪು ಒತ್ತಿ ಒತ್ತಿ ಸುಸ್ತಾಗಿ, ಟೈರಿಗೆ ಒರಗಿ ಕೂತಿದ್ದರು.

ಒಂದು ವಿಷಯ ನಿಮಗೆ ಹೇಳಬೇಕು. ನಮಾಜು ಶುರುಮಾಡುವಾಗ ಎರಡೂ ಕೈಗಳನ್ನು ಕಿವಿಯ ಮಟ್ಟಕ್ಕೆ ಎತ್ತುತ್ತೇವೆ. ದಾದಾನ ಎಡಗೈ ಕಿವಿ ಮುಟ್ಟುತ್ತದೆ. ಬಲಗೈ ಎದೆಯ ಹತ್ತಿರ ಬಂದು ನಿಂತುಬಿಡುತ್ತದೆ. ಮೊದಲೆಲ್ಲ ತಲೆಯನ್ನೇ ಬಲಕ್ಕೆ ಬಾಗಿಸಿ ಕಿವಿಯನ್ನು ಕೈ ಹತ್ತಿರ ತರುತ್ತಿದ್ದರು. ಈಗ ಅದೂ ಆಗುತ್ತಿಲ್ಲ ಎಂದು ಮಸೀದಿಯಲ್ಲಿ ಕೊನೆಯ ಸಾಲಿಗೆ ಹೋಗಿ ನಿಲ್ಲುತ್ತಾರಂತೆ. ಕೈ ಏಳದಿದ್ದರೂ ನಮಾಜು ಆಗುತ್ತದೆ ದಾದಾ ಎಂದೆ. "ಅದು ನಂಗೂ ಗೊತ್ತು ಬೇಟಾ, ಕೈಗೆ ಗೊತ್ತಿಲ್ಲ" ಎಂದರು.

ಸೆಪ್ಟೆಂಬರ್ ೨ನೇ ತಾರೀಕು ಸೋಮವಾರಕ್ಕೆ ಡಾಕ್ಟರು ದಿನ ಕೊಟ್ಟಿದ್ದಾರೆ. ಇನ್ನು ಮುಂದಕ್ಕೆ ಹಾಕಿದರೆ ತಾನು ಕೈ ಹಾಕುವುದಿಲ್ಲ ಎಂದಿದ್ದಾರೆ. ಸ್ಕ್ಯಾನ್ ನೋಡಿ, ಸ್ನಾಯು ಹರಿದದ್ದು ಈಚೆಗೆ, ಆದರೆ ಅದಕ್ಕೆ ಮೂಲ ಹಳೆಯದು, ಹಿಂದೆ ಯಾವಾಗಲೋ ಕೀಲು ಪೂರ್ತಿ ತಪ್ಪಿ ತಟ್ಟೆಯ ಅಂಚೇ ಮುರಿದಿದೆ, ಹೇಗಾಯಿತು ಎಂದು ಕೇಳಿದರು. ದಾದಾ "ಅಂಗೇ ಬಿದ್ದೆ" ಎಂದರು. ಮನೆಗೆ ಬಂದ ಮೇಲೆ ನಾನು ಬಿಡಲಿಲ್ಲ. ಕೊನೆಗೆ ಒಂದು ಮಾತು ಹೇಳಿದರು: "ಶೀಳನೆರೇಲಿ ಏನಾಯ್ತು ಅಂತ ಪುಟ್ಟ ಬರೀಲಿ. ಬರೆದ ದಿನ ನೀನು ಏಳುದ್ ಕಡೆ ಬತ್ತೀನಿ."

"ನೀವೇ ಹೇಳಬಾರದಾ?" ಎಂದೆ.

"ಅದು ಅವನ ಮಾನದ ಮಾತು. ನಾನೆಂಗೆ ಬಾಯಿ ಬುಡ್ಲಿ?"

ಸಾರ್, ನಿಮ್ಮ ಕ್ಲಾಸಿನಲ್ಲಿ ಆ ಕಥೆ ಕೇಳಿದ ದಿನ ನಾನು ಮನೆಗೆ ಬಂದು ದಾದಾನ ಜೊತೆ ಮಾತು ಬಿಟ್ಟಿದ್ದೆ. ಸೋತದ್ದನ್ನು ನಮ್ಮಿಂದ ಮುಚ್ಚಿಟ್ಟಿದ್ದಾರೆ ಎಂದು ಸಿಟ್ಟು. ಅವರು "ನಿಮ್ ಮೇಷ್ಟ್ರು ಚೆಂದಾಗಿ ಪಾಠ ಮಾಡ್ತಾರಾ?" ಎಂದು ಮಾತ್ರ ಕೇಳಿದರು. ಮಾಡುತ್ತಾರೆ ಎಂದೆ.

ನೀವು ಏನು ಬರೆಯಬೇಕೋ ನನಗೆ ಗೊತ್ತಿಲ್ಲ. ಬರೆಯಿರಿ ಸಾರ್.

ಇಂತಿ ನಿಮ್ಮ ವಿದ್ಯಾರ್ಥಿನಿ,
ಮಹೇಕ್


(ಪೋಸ್ಟ್ ಕಾರ್ಡು)
ಗಂಜಾಂ
೧೬-೮-೨೪

ಪುಟ್ಟ,

ಎಡಗೈಲಿ ಬರ್ದಿವ್ನಿ. ಅಕ್ಸರ ಸೊಟ್ಟ ಇದ್ರೆ ನಗ್ಬೇಡ. ನಗ್ಸದೆ ಒಂದು ಕಾಗ್ದ ಬರಿ. ಒಂದೇ ಒಂದು. ಕಾರ್ಡು ಪೋಸ್ಟ್‌ಮ್ಯಾನೂ ಓದ್ತಾನೆ, ಅದ್ಕೆ ಜಾಸ್ತಿ ಬರ್ದಿಲ್ಲ.

ಪೀರ್


ಅಕ್ಕಿಹೆಬ್ಬಾಳು
೨೨ ಆಗಸ್ಟ್ ೨೦೨೪

ಪ್ರಿಯ ಪೀರ್,

ನಗಿಸದೆ ಬರೆ ಎಂದಿದ್ದೀಯ. ಮೂರು ದಿನದಿಂದ ಬರೆದು ಹರಿಯುತ್ತಿದ್ದೇನೆ. ಪ್ರತಿ ಸಲವೂ ಎರಡನೇ ಸಾಲಿಗೇ ಒಂದು ತಮಾಷೆ ಬಂದು ಕೂತುಬಿಡುತ್ತದೆ. ನಲವತ್ತು ವರ್ಷದ ಅಭ್ಯಾಸ, ಆ ಸ್ನಾಯು ಮಾತ್ರ ನನ್ನಲ್ಲಿ ಸೊರಗಿಲ್ಲ. ದಣಿದಿದೆ, ಸೊರಗಿಲ್ಲ.

ಮಹೇಕ್, ಇದನ್ನು ನೀನೇ ಓದುತ್ತಿರುತ್ತೀಯ. ಜೋರಾಗಿ ಓದು. ಬೆಳಿಗ್ಗೆ ಗರಡಿಯಲ್ಲಿ ಹುಡುಗರು ಇರುವಾಗ ಓದಿದರೂ ಸರಿ.

ಶೀಳನೆರೆಯ ಸ್ಕೂಲಿನ ಬಯಲು. ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ ಬೆರೆಸಿ ಹದಮಾಡಿದ ಅಖಾಡ. ಒಂದೇ ಗರಡಿಯ ಇಬ್ಬರಿಗೆ ಜೋಡಿ ಕಟ್ಟಬಾರದು ಎಂದು ಕರಿಯಪ್ಪ ಉಸ್ತಾದರು ಬೇಡವೆಂದರೂ ಊರಿನವರು ನಮ್ಮಿಬ್ಬರಿಗೇ ಕಟ್ಟಿದರು. ಮೊದಲ ಅರ್ಧ ನಿಮಿಷದಲ್ಲೇ ಕುಸ್ತಿ ಮುಗಿದಿತ್ತು. ನೀನು ಹಿಂದಿನಿಂದ ಬಂದು ನನ್ನ ಸೊಂಟಕ್ಕೆ ಪಟ್ಟು ಹಾಕಿ ಎತ್ತಿದ್ದೆ. ನನ್ನ ಎರಡು ಕಾಲೂ ಗಾಳಿಯಲ್ಲಿದ್ದವು. ನೀನು ನನ್ನನ್ನು ಮಲಗಿಸುವುದೊಂದೇ ಬಾಕಿ. ನಾನು ಕಣ್ಣು ಮುಚ್ಚಿಕೊಂಡು ಬೆನ್ನು ನೆಲಕ್ಕೆ ತಾಗುವುದನ್ನು ಕಾಯುತ್ತಿದ್ದೆ.

ಆಗ ನನ್ನ ಲಂಗೋಟಿಯ ಗಂಟು ಬಿಚ್ಚಿತು.

ಬೆಳಿಗ್ಗೆಯೇ ನೀನು ಹೇಳಿದ್ದೆ, "ಲೇ, ಗಂಟು ಸರಿಯಾಗಿಲ್ಲ, ತಿರುಗು ಕಟ್ತೀನಿ" ಎಂದು. ಬಿ.ಎಸ್ಸಿ. ಓದಿದವನಿಗೆ ಗಂಟು ಹಾಕುವುದನ್ನು ಸೈಕಲ್ ಶಾಪಿನವನು ಹೇಳಿಕೊಡಬೇಕೇ ಎಂದು ನಾನು ತಿರುಗಲಿಲ್ಲ. ನಾಲ್ಕು ಸಾವಿರ ಜನ ಸುತ್ತ ಕೂತಿದ್ದರು. ಬಟ್ಟೆ ಜಾರಿದ್ದು ನನಗೆ ಗೊತ್ತಾಗುವ ಮೊದಲೇ ನಿನಗೆ ಗೊತ್ತಾಯಿತು. ನೀನು ಪಟ್ಟು ಬಿಟ್ಟೆ. ನನ್ನನ್ನು ಮೆಲ್ಲಗೆ ಕಾಲ ಮೇಲೆ ನಿಲ್ಲಿಸಿ, ನಿನ್ನ ಬಲಗೈಯನ್ನು ನನ್ನ ಸೊಂಟದ ಸುತ್ತ ಮುಂದಕ್ಕೆ ಚಾಚಿ, ಬಿಚ್ಚಿದ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. "ಗಂಟು ಇಡ್ಕೊ ಲಾ" ಎಂದು ನನ್ನ ಕಿವಿಯಲ್ಲಿ ಹೇಳಿದೆ.

ನಾನು ಗಂಟು ಹಿಡಿಯಲಿಲ್ಲ, ನಿನ್ನ ಮಣಿಕಟ್ಟನ್ನು ಹಿಡಿದೆ.

ಯೋಚಿಸಿ ಮಾಡಿದೆನೋ, ಮೈಯೇ ಮಾಡಿತೋ ಎಂದು ನಲವತ್ತು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಉತ್ತರ ಗೊತ್ತು. ಎಲುಬನ್ನು ಎಳೆಯುವ ಸ್ನಾಯು ತಾನಾಗಿ ಎಳೆಯುವುದಿಲ್ಲ, ಎಳೆ ಎಂದು ಮಿದುಳು ಹೇಳಬೇಕು. ನನ್ನ ಮಿದುಳು ಹೇಳಿತು. ನಿನ್ನ ಕೈ ಬಟ್ಟೆ ಹಿಡಿದು ಬಿಗಿಯಾಗಿದೆ, ಭುಜ ಬಯಲಾಗಿದೆ, ಈಗ ತಿರುಚಿದರೆ ಬೀಳುತ್ತಾನೆ ಎಂದು ಹೇಳಿತು. ಮೊಣಕೈಯನ್ನು ಮೇಲಕ್ಕೆತ್ತಿ ಹೊರಕ್ಕೆ ತಿರುಚಿದೆ. ನಿಂಬೆಹಣ್ಣು ತಟ್ಟೆಯಿಂದ ಜಾರಿದ ಸದ್ದು ನನಗೂ ಕೇಳಿಸಿತು. ನೀನು ಮಣ್ಣಿಗೆ ಬಿದ್ದೆ, ಬೆನ್ನು ತಾಗಿತು, ನಾನು ನಿನ್ನ ಮೇಲೆ ಬಿದ್ದೆ. ಆಗಲೂ ನೀನು ಮುಷ್ಟಿ ಬಿಡಲಿಲ್ಲ. ಕೀಲು ತಪ್ಪಿದ ಕೈಯಲ್ಲೇ ಬಟ್ಟೆಯನ್ನು ಒತ್ತಿ ಹಿಡಿದಿದ್ದೆ. ನಾನು ಗಂಟು ಕಟ್ಟಿಕೊಂಡ ಮೇಲೆ ಬಿಟ್ಟೆ. ಜನಕ್ಕೆ ಕಂಡದ್ದು ಗೆಲುವು ಮಾತ್ರ. ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅಖಾಡದ ಮೂಲೆಯಲ್ಲಿ ಕರಿಯಪ್ಪ ಉಸ್ತಾದರು ನಿನ್ನ ಕಂಕುಳಿಗೆ ಕಾಲಿಟ್ಟು ಕೈ ಎಳೆದು ಕೀಲು ಕೂರಿಸುತ್ತಿದ್ದರು. ನೀನು ಕೂಗಲಿಲ್ಲ. ನಾನು ಹೆಗಲ ಮೇಲಿನಿಂದ ನೋಡಿದೆ. ನೀನೂ ನೋಡಿದೆ.

ಮಾರನೆಯ ಬೆಳಿಗ್ಗೆ ಅರ್ಜಿಯ ಕೊನೆಯ ದಿನ ಆಗಿರಲಿಲ್ಲ. ಇನ್ನೂ ಹನ್ನೆರಡು ದಿನ ಇತ್ತು. ಚಿಕ್ಕಮ್ಮ ಬಟ್ಟಲಿಗೆ ಎಳ್ಳೆಣ್ಣೆ ಬಗ್ಗಿಸಿ ಕೊಟ್ಟಿದ್ದರು. ನಿಮ್ಮ ಬೀದಿಯ ತಿರುವಿನವರೆಗೆ ಬಂದೆ. ಜಗುಲಿಯ ಮೇಲೆ ಚಾಪೆ ಹಾಸಿದ್ದು ಕಂಡಿತು. ಪಕ್ಕದಲ್ಲಿ ನಿಮ್ಮಮ್ಮ ಕೂತಿದ್ದರು. ನಿನ್ನ ಭುಜ ಮುಟ್ಟಿದರೆ ನನ್ನ ಕೈ ಎಲ್ಲವನ್ನೂ ಹೇಳಿಬಿಡುತ್ತದೆ ಎಂದು ಹೆದರಿದೆ. ಎಣ್ಣೆಯನ್ನು ಚರಂಡಿಗೆ ಚೆಲ್ಲಿ ಬಸ್ಸು ಹತ್ತಿದೆ.

ಅಷ್ಟೇ ಪೀರ್. ಬೋರ್ಡಿನ ಮೇಲೆ ಬಾಣ ಬರೆದು ತೋರಿಸುತ್ತಿದ್ದ ಸನ್ನೆಗೋಲು ಇದೇ. ಮೂವತ್ತನಾಲ್ಕು ವರ್ಷ ಮಕ್ಕಳು ಚಪ್ಪಾಳೆ ತಟ್ಟಿದ್ದು ಇದಕ್ಕೇ. ನೀನು ಒಬ್ಬರಿಗೂ ಹೇಳಲಿಲ್ಲ. ಮೊಮ್ಮಗಳು ಮಾತು ಬಿಟ್ಟಾಗಲೂ ಹೇಳಲಿಲ್ಲ. ಆ ಬಟ್ಟೆಯನ್ನು ನೀನು ಇಂದಿನವರೆಗೂ ಹಿಡಿದುಕೊಂಡೇ ಇದ್ದೀಯ. ಇನ್ನು ಬಿಡು. ಕೈ ನೋಯುತ್ತಿರುತ್ತದೆ.

ಸೆಪ್ಟೆಂಬರ್ ಒಂದು, ಭಾನುವಾರ. ಅಕ್ಕಿಹೆಬ್ಬಾಳಿನಿಂದ ಬೆಳಿಗ್ಗೆಯ ರೈಲಿಗೆ ಮೈಸೂರಿಗೆ ಬಂದು ಬಸ್ಸು ಹಿಡಿಯುತ್ತೇನೆ. ಎಳ್ಳೆಣ್ಣೆ ತರುತ್ತೇನೆ. ಒತ್ತಿ ತಿಕ್ಕಬಾರದು ಎಂದು ಮಹೇಕ್ ಹೇಳಿದರೆ ಬರೀ ಹಚ್ಚುತ್ತೇನೆ. ನೆಲದ ಮೇಲೆ ಚಾಪೆ ಹಾಸಬೇಡಿ, ಒಮ್ಮೆ ಕೂತರೆ ನನ್ನನ್ನು ಎಬ್ಬಿಸಲು ಗರಡಿಯ ಹುಡುಗರೆಲ್ಲ ಬೇಕಾಗುತ್ತಾರೆ. ಭಾಬಿಯವರ ಅಪ್ಪಣೆಯಾದರೆ ಒಂದೇ ತಟ್ಟೆಯಲ್ಲಿ ಊಟ. ಸೋಮವಾರ ಮೂವರೂ ಆಸ್ಪತ್ರೆಗೆ ಹೋಗೋಣ. ಹೇಗಾಯಿತು ಎಂದು ಡಾಕ್ಟರು ಕೇಳಿದರೆ ನಾನು ಹೇಳುತ್ತೇನೆ. ಕದ್ದ ಭುಜವನ್ನೂ ತೆಗೆದಿಡು, ಬರುವಾಗ ಕಾಲೇಜಿಗೆ ಹಿಂದಿರುಗಿಸಿ ಬರಬೇಕು. ಪಾಪ, ಅವನು ಒಂದು ವರ್ಷದಿಂದ ಒಂಟಿ ಕೈಯಲ್ಲಿ ನಿಂತಿದ್ದಾನೆ.

ಇಲ್ಲಿಗೆ ಮುಗಿಸಿದ್ದರೆ ನನ್ನ ಮಾನ ಅರ್ಧವಾದರೂ ಉಳಿಯುತ್ತಿತ್ತು. ಆದರೆ ಅಂಚೆಗೆ ಹಾಕುವ ಮೊದಲು ಸೋಮಮ್ಮನಿಗೂ ಓದಿ ಹೇಳಬೇಕು ಎನ್ನಿಸಿತು. ಅವಳು ಶೀಳನೆರೆಯವಳೇ. ಆ ದಿನ ನನ್ನ ಕುಸ್ತಿ ನೋಡಿಯೇ ನಮ್ಮ ಮಾವ ಮುಂದೆ ಹುಡುಕಿಕೊಂಡು ಬಂದು ಹೆಣ್ಣು ಕೊಟ್ಟದ್ದು. ಮದುವೆಯಾಗಿ ಮೂವತ್ತನಾಲ್ಕು ವರ್ಷ, ಏನಿಲ್ಲವೆಂದರೂ ಮುನ್ನೂರು ಸಲ ಅವಳ ಮುಂದೆ ಆ ಒಂದೂವರೆ ನಿಮಿಷವನ್ನು ಕೊಚ್ಚಿಕೊಂಡಿದ್ದೇನೆ. ಒಂದಕ್ಷರ ಬಿಡದೆ ಓದಿದೆ. ಅವಳು ಅವರೆಕಾಯಿ ಸುಲಿಯುತ್ತ ಕೇಳಿದಳು. ಓದಿ ಮುಗಿಸಿದ ಮೇಲೂ ಸುಲಿಯುತ್ತಲೇ ಇದ್ದಳು.

"ಏನೂ ಹೇಳಲ್ವೇನೇ?" ಎಂದೆ.

"ಏನ್ ಹೇಳದು? ನಾನು ಸ್ಕೂಲ್ ಜಗ್ಲಿ ಮೇಲೇ ಕುಂತಿದ್ದೆ. ನಮ್ಮಪ್ಪಂಗೆ ಕಣ್ಣು ಮಂಜು, ಕಾಣ್ನಿಲ್ಲ. ನಂಗೆ ಎಲ್ಲಾ ಕಂಡಿತ್ತು."

"ಎಲ್ಲಾ ಅಂದ್ರೆ?"

"ಎಲ್ಲಾ ಅಂದ್ರೆ ಎಲ್ಲಾ" ಎಂದಳು. "ಆವಣ್ಣ ಇಡ್ಕಂಡಿಲ್ದೆ ಇದ್ದಿದ್ರೆ ಊರೋರೆಲ್ಲ ನೋಡೋರು. ಅಷ್ಟು ನಾಚ್ಕೆ ಆಗ್ದೆ ಇರ್ಲಿ ಅಂತ ನಾನೂ ಸುಮ್ಕಿದ್ದೆ. ಬೆಲ್ಟು ನೋಡ್ದಾಗೆಲ್ಲ ನಗು ಬತ್ತಿತ್ತು."

ಇಂತಿ, ಶೀಳನೆರೆಯಲ್ಲಿ ಅರ್ಧ ನಿಮಿಷದಲ್ಲಿ ಸೋತ ನಿನ್ನ ಜೋಡಿ,
ಪುಟ್ಟಸ್ವಾಮಿ